ಉಪ್ಪುಂದದ ಮಾಸ್ಟ್ರ ಕೆಂಪು ಬಟನ್‌ಗಳು

ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡರೆ ಕೇಳುವುದು ಒಂದೇ: "ಜಲಜಕ್ಕ, ಯಾವ ಕೋರ್ಸ್ ಮಾಡ್ರೆ ಒಳ್ಳೇದ್?" ಕೋರ್ಸು ಯಾವುದನ್ನಾದರೂ ಮಾಡಿಕೊಳ್ಳಿ ಮಾರಾಯ್ರೆ, ಮೊದಲು ನಿಮ್ಮ ಮೂಗು ಸರಿ ಇದೆಯೋ ನೋಡಿಕೊಳ್ಳಿ ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುವುದಲ್ಲ. ಸುಟ್ಟ ರೆಸಿಸ್ಟರಿನ ವಾಸನೆ ಬೇರೆ, ಟ್ರಾನ್ಸ್‌ಫಾರ್ಮರಿನ ವಾರ್ನಿಷು ಕರಗಿದ ವಾಸನೆ ಬೇರೆ, ಬೆಚ್ಚಗಿದೆಯೆಂದು ಒಳಗೆ ಸೇರಿಕೊಂಡು ಸತ್ತ ಹಲ್ಲಿಯ ವಾಸನೆ ಬೇರೆ. ಮೀಟರು ಹಿಡಿಯುವ ಮೊದಲೇ ಮೂಗು ಅರ್ಧ ಕೆಲಸ ಮುಗಿಸಿರಬೇಕು.

ಕುಂದಾಪುರದ ಒಂದು ರೇಡಿಯೊ-ಟಿವಿ ರಿಪೇರಿ ಅಂಗಡಿಗೆ ಕೂದಲು ಕಪ್ಪಿದ್ದಾಗ ಸೇರಿದವಳು ನಾನು, ಬೆಳ್ಳಗಾದ ಮೇಲೆ ಬಿಟ್ಟೆ. ನಡುವೆ ಸಿಕ್ಕಿದ ಬಡ್ತಿ ಎಂದರೆ ಸ್ಟೂಲು ಹೋಗಿ ಬೆನ್ನಿರುವ ಕುರ್ಚಿ ಬಂದದ್ದು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಂಗಡಿಯ ಯಜಮಾನರು ಶ್ರೀನಿವಾಸ ನಾಯರಿ. ಬಾಯಿ ಜೋರು, ಮನಸ್ಸು ಮೆತ್ತಗೆ. ಆದರೆ ಮನಸ್ಸು ಮೆತ್ತಗಿದೆ ಅಂತ ಯಾರಿಗಾದರೂ ಗೊತ್ತಾದರೆ ಅವರಿಗೆ ಅವಮಾನ. ಡಿಪ್ಲೊಮಾ ಹಿಡಿದುಕೊಂಡು ಹೋದ ಮೊದಲ ದಿನವೇ ಸೋಲ್ಡರಿಂಗ್ ಕಡ್ಡಿ ಕೈಗೆ ಕೊಟ್ಟು, "ಕಾವ್ಲಿ ಮೇಲ್ ದೋಸಿ ಹೊಯ್ವಾಗ ಕೈ ಸುಡುದಿಲ್ಯಾ? ಇಲ್ಲೂ ಹಂಗೇ. ಸುಟ್ರೆ ಕೂಗುಕಾಗ. ಗಿರಾಕಿ ಹೆದರ್ತ್ರ್" ಅಂದರು. ನನಗೆ ಸಿಕ್ಕಿದ ಟ್ರೈನಿಂಗು ಅಷ್ಟೇ.

ತೊಂಬತ್ತೇಳರ ಹೊತ್ತಿಗೆ ಪೇಟೆಯ ಆಫೀಸುಗಳಿಗೆ ಮೌಸು ಇರುವ ಕಂಪ್ಯೂಟರುಗಳು ಬರಲು ಶುರುವಾಗಿತ್ತು. ನಮ್ಮ ಕಡೆಯ ಕೆಲವು ಹೈಸ್ಕೂಲುಗಳಲ್ಲಿ ಮಾತ್ರ ಎಂಬತ್ತರ ದಶಕದಲ್ಲಿ ಸರ್ಕಾರ ಹಂಚಿದ್ದ ಎಂಟು ಬಿಟ್‌ನ ಹಳೇ ಕಂಪ್ಯೂಟರ್ ಪೆಟ್ಟಿಗೆಗಳು ಇನ್ನೂ ಉಸಿರಾಡುತ್ತಿದ್ದವು. ಇಂಗ್ಲೆಂಡಿನಲ್ಲಿ ಜನ ಮನೆಯಲ್ಲೇ ಕೂತು, ಟಿವಿಯ ಪಾಠ ನೋಡಿಕೊಂಡು ಕಂಪ್ಯೂಟರ್ ಕಲಿಯಲಿ ಅಂತ ಮಾಡಿದ ಯಂತ್ರ ಅದು. ಮಜ್ಜಿಗೆ ಬಣ್ಣದ ಡಬ್ಬಿ, ಮೇಲೆ ಕಪ್ಪು ಬಟನ್‌ಗಳು, ಅವುಗಳ ನೆತ್ತಿಯ ಮೇಲೆ ಒಂದು ಸಾಲು ಕೆಂಪು ಬಟನ್‌ಗಳು. ಅದಕ್ಕೆ ತನ್ನದೇ ಪರದೆ ಇಲ್ಲ, ಟಿವಿಗೆ ಜೋಡಿಸಬೇಕು. ಪ್ರೋಗ್ರಾಂ ಇಟ್ಟುಕೊಳ್ಳಲು ಜಾಗ ಇಲ್ಲ, ಟೇಪ್ ರೆಕಾರ್ಡರಿಗೆ ಜೋಡಿಸಬೇಕು. ಬರೆದ ಪ್ರೋಗ್ರಾಮನ್ನು ಅದು ಶಬ್ದವಾಗಿ ಮಾಡಿ ಮಾಮೂಲಿ ಕ್ಯಾಸೆಟ್ಟಿಗೆ ತುಂಬುತ್ತಿತ್ತು. ಆ ಕ್ಯಾಸೆಟ್ಟನ್ನು ಕಿವಿಗೊಟ್ಟು ಕೇಳಿದರೆ ಮೊದಲು ಒಂದೇ ಎಳೆಯ ಸೀಟಿ, ಆಮೇಲೆ ಕರ್ಣಕಠೋರ ಕಿರುಚಾಟ. ಕರೆಂಟು ಹೋದರೆ ಯಂತ್ರದ ನೆನಪೆಲ್ಲ ತೊಳೆದ ಸ್ಲೇಟು. ಮತ್ತೆ ಕ್ಯಾಸೆಟ್ಟು ಹಾಕಿ ಕಿರುಚಿಸಿ ಎಲ್ಲವನ್ನೂ ತುಂಬಬೇಕು.

ಒಟ್ಟು ನೆನಪು ಮೂವತ್ತೆರಡು ಕೆಬಿ. ಈಗ ನಿಮ್ಮ ಮೊಬೈಲಿಗೆ ಬೆಳಿಗ್ಗೆ ಬರುವ ಹೂವಿನ ಶುಭೋದಯಕ್ಕೂ ಅದು ಸಾಲದು. ಪರದೆಯ ಚಿತ್ರವೂ ಅಷ್ಟರೊಳಗೇ ಇರಬೇಕು, ಪ್ರೋಗ್ರಾಮೂ ಅಷ್ಟರೊಳಗೇ. ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆ ಹಾಕುತ್ತಿದ್ದರಲ್ಲ, ಒಬ್ಬಳ ಒನಕೆ ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ? ಯಂತ್ರದ ಒಳಗೂ ಹಾಗೇ. ಪ್ರೊಸೆಸರು ಉಸಿರೆಳೆದುಕೊಳ್ಳುವ ಹೊತ್ತಿಗೆ ಪರದೆಯ ಚಿಪ್ಪು ಬಂದು ಅದೇ ನೆನಪಿನಿಂದ ತನ್ನ ಪಾಲು ಓದಿಕೊಂಡು ಹೋಗುತ್ತಿತ್ತು. ಒಂದು ಸಲವೂ ಒನಕೆಗೆ ಒನಕೆ ತಾಗುತ್ತಿರಲಿಲ್ಲ. ಅದನ್ನು ಯೋಚನೆ ಮಾಡಿದ ಪುಣ್ಯಾತ್ಮರು ಯಾರೋ, ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಇನ್ನೊಂದು ಉಪಕಾರ ಮಾಡಿದ್ದರು. ಮುಖ್ಯ ಚಿಪ್ಪುಗಳನ್ನು ಬೋರ್ಡಿಗೆ ಬೆಸೆದಿರಲಿಲ್ಲ, ಸಾಕೆಟ್ಟಿನಲ್ಲಿ ಕೂರಿಸಿದ್ದರು. ಬಿಸಿಯಾಗಿ ತಣ್ಣಗಾಗಿ ಅವು ಮೆಲ್ಲ ಮೇಲೆ ಏಳುತ್ತವೆ, ಆಗ ಯಂತ್ರ ಮೂಕವಾಗುತ್ತದೆ. ಮುಚ್ಚಳ ತೆಗೆದು ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ಕೂರಿಸಿದರೆ ಮತ್ತೆ ಮಾತಾಡುತ್ತದೆ. ನಮ್ಮ ಕಡಲ ಗಾಳಿಗೆ ಚಿಪ್ಪಿನ ಕಾಲಿಗೆ ಕಿಲುಬು ಕಟ್ಟಿದ್ದರೆ ಮಕ್ಕಳ ರಬ್ಬರಿನಿಂದ ಉಜ್ಜಿದರೆ ಸಾಕು. ನಾನು ಕಲಿತ ಡಿಪ್ಲೊಮಾದಲ್ಲಿ ಈ ಹೆಬ್ಬೆರಳಿನ ಪಾಠ ಇರಲಿಲ್ಲ, ನಾಯರಿಯವರಿಂದ ಬೈಸಿಕೊಂಡು ಕಲಿತದ್ದು.

ಬ್ರಹ್ಮಾವರದ ಕಡೆಯ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಇನ್ಸ್‌ಪೆಕ್ಟರು ಬರುತ್ತಾರೆ ಅಂತ ಹೆಡ್‌ಮಾಸ್ಟ್ರು ಬೀಗ ಹಾಕಿಟ್ಟಿದ್ದ ಯಂತ್ರವನ್ನು ಹೊರಗೆ ತೆಗೆಸಿ, ಒರೆಸಿ, ಕುಂಕುಮ ಹಚ್ಚಿ ಇಟ್ಟಿದ್ದರು. ನಾನೂ ಹೋಗಿದ್ದೆ. ಸ್ವಿಚ್ಚು ಹಾಕಿದೆವು. ಇನ್ಸ್‌ಪೆಕ್ಟರು ಬಗ್ಗಿ ನೋಡುತ್ತಿದ್ದಾಗ ಪಟಾರ್ ಅಂತ ಒಂದು ಸದ್ದು, ಹಿಂದೆಯೇ ದಟ್ಟ ಹೊಗೆ, ಮೂಗು ಸೀದುಹೋಗುವ ವಾಸನೆ. ಪವರ್ ಸಪ್ಲೈಯಲ್ಲಿ ಕರೆಂಟಿನ ಗಲೀಜು ಸೋಸುವ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಹಳೆಯದಾದರೆ ಅದರ ಮೈ ಬಿರುಕು ಬಿಟ್ಟು, ತೇವ ಕುಡಿದು, ಒಂದು ದಿನ ಸಿಡಿಯುತ್ತದೆ. ಅದು ಸಿಡಿದರೂ ಯಂತ್ರಕ್ಕೆ ಏನೂ ಆಗುವುದಿಲ್ಲ, ನಡೆಯುತ್ತಲೇ ಇರುತ್ತದೆ. "ಹೆದರ್ಬೇಡಿ, ಹೆದರ್ಬೇಡಿ" ಅಂತ ನಾನು ಕೂಗುತ್ತಿದ್ದಂತೆಯೇ ಜವಾನ ಒಂದು ಕೊಡಪಾನ ನೀರು ತಂದು ಅಭಿಷೇಕ ಮಾಡಿಬಿಟ್ಟ. ಇನ್ಸ್‌ಪೆಕ್ಟರು ಅಷ್ಟರೊಳಗೆ ಆಟದ ಬಯಲು ದಾಟಿದ್ದರು. "ಈ ಪಿಶಾಚಿನ ಶಾಲಿ ಒಳಗ್ ಇಡುಕಾಗ" ಅಂದರು ಹೆಡ್‌ಮಾಸ್ಟ್ರು. ಒದ್ದೆ ಪಿಶಾಚಿಯನ್ನು ನಾನೇ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದು, ಒಣಗಿಸಿ, ಅಂಗಡಿಯ ಅಟ್ಟಕ್ಕೆ ಹಾಕಿದೆ. "ಗುಜ್ರಿ ಎಂತಕ್ಕೆ ಮಾರಾಯ್ತಿ?" ಅಂತ ನಾಯರಿಯವರು ಅಟ್ಟ ನೋಡಿದಾಗಲೆಲ್ಲ ಗೊಣಗುತ್ತಿದ್ದರು. ಹಳೇ ಯಂತ್ರವನ್ನು ಬಿಸಾಡಬೇಡಿ ಅಂತ ನಿಮಗೆ ಹೇಳುವ ಧೈರ್ಯ ನನಗೆ ಬಂದದ್ದು ಆ ಗುಜರಿಯಿಂದಲೇ.

ಉಪ್ಪುಂದದ ವಾಸುದೇವ ಮಾಸ್ಟ್ರು ಡ್ರಾಯಿಂಗ್ ಟೀಚರು. ಅವರ ಶಾಲೆಗೆ ಯಂತ್ರ ಬಂದಾಗ ವಿಜ್ಞಾನದ ಮಾಸ್ಟ್ರು ಹತ್ತಿರ ಸುಳಿಯಲಿಲ್ಲ, ಇವರು ಕೂತರು. ಆ ಯಂತ್ರದಲ್ಲಿ ಅಕ್ಷರ ಅಂದರೆ ಎಂಟು ಅಡ್ಡ ಎಂಟು ಉದ್ದ ಚುಕ್ಕಿಗಳ ಒಂದು ಚೌಕ. ಯಾವ ಚುಕ್ಕಿ ಹೊತ್ತಬೇಕು ಅಂತ ಸಾಲಿಗೊಂದು ಸಂಖ್ಯೆ ಕೊಟ್ಟರೆ ನಮಗೆ ಬೇಕಾದ ಅಕ್ಷರ ನಾವೇ ಮಾಡಿಕೊಳ್ಳಬಹುದು. ಮಾಸ್ಟ್ರು ರಂಗೋಲಿ ಹಾಕಿದ ಹಾಗೆ ಗ್ರಾಫ್ ಹಾಳೆಯ ಮೇಲೆ ಇಡೀ ಕನ್ನಡ ವರ್ಣಮಾಲೆ ಬಿಡಿಸಿದರು. ಒಂದು ಚೌಕದಲ್ಲಿ ಹಿಡಿಯದ ಅಕ್ಷರಕ್ಕೆ ಎರಡು ಚೌಕ, ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು. "ಕ್ಷ ಬರ್ದ್ರೆ ಅದ್ರ ಬಾಲ ಪಕ್ಕದ್ಮನಿ ಅಂಗ್ಳಕ್ ಹೋತ್ತ್ ಕಾಣ್" ಅಂತ ನಗುತ್ತಿದ್ದರು. ನಾನು ರಿಪೇರಿಗೆ ಹೋದಾಗಲೆಲ್ಲ ಹೊಸ ಅಕ್ಷರ ತೋರಿಸದೆ ಬಿಡುತ್ತಿರಲಿಲ್ಲ. ಶಾಲೆಗೆ ಹೊಸ ಕಂಪ್ಯೂಟರ್ ಬಂದು ಇದನ್ನು ಮೂಲೆಗೆ ತಳ್ಳಿದಾಗ ಅವರು ಕೇಳಿ ಮನೆಗೆ ತಂದುಕೊಂಡರು.

ನಿವೃತ್ತರಾದ ಸ್ವಲ್ಪ ಸಮಯಕ್ಕೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಹೋಯಿತು. ನಾಲಿಗೆ ಹೋಯಿತು. ಎಡಗೈಯಲ್ಲಿ ಪೆನ್ನು ಕೊಟ್ಟರೆ ಬರೆದದ್ದು ಕೋಳಿ ಕೆದರಿದ ಹಾಗೆ, ಅವರಿಗೇ ಓದಲು ಬರುವುದಿಲ್ಲ. ಒಂದು ಬೆರಳು ಊರಲು ಮಾತ್ರ ಆಗುತ್ತಿತ್ತು. ಅವರ ಹೆಂಡತಿ ಗಿರಿಜಮ್ಮ ಅಂಗಡಿಗೆ ಬಂದರು. "ಅವ್ರ್ ಯಾಗ್ಳೂ ಆ ಡಬ್ಬಿ ಬದಿಗೇ ಕಾಂತಾ ಇರ್ತ್ರ್. ಎಂತಕ್ ಅಂದೇಳಿ ಗೊತ್ತಾತಿಲ್ಲೆ. ಒಂದ್ಸಲ ಬಂದ್ ಕಾಣಿ ಜಲಜ."

ಹೋದೆ. ಹಾಸಿಗೆಯ ಬದಿಯಲ್ಲಿ ನೆಂಟರೊಬ್ಬರು ಕೂತು ಗಿರಿಜಮ್ಮನಿಗೆ ಸಮಾಧಾನ ಹೇಳುತ್ತಿದ್ದರು: "ಪಾಪ, ಅವ್ರಿಗ್ ಎಂತದೂ ಗೊತ್ತಾಪುದಿಲ್ಲೆ. ನೀವೇ ಗಟ್ಟಿ ಆಯ್ಕ್." ನಾನು ಯಂತ್ರವನ್ನು ಟಿವಿಗೆ ಜೋಡಿಸಿ, ಕ್ಯಾಸೆಟ್ಟು ಹಾಕಿ ಕನ್ನಡ ತುಂಬಿಸಿ, ಮಾಸ್ಟ್ರ ಎಡಗೈಯನ್ನು ಬಟನ್‌ಗಳ ಮೇಲೆ ಇಟ್ಟೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಬಹಳ ಹೊತ್ತಿನ ಮೇಲೆ ಟಿವಿಯಲ್ಲಿ ಒಂದು ಸಾಲು ನಿಂತಿತು: "ನಂಗೆಲ್ಲ ಗೊತ್ತಾತ್ತ್." ನೆಂಟರು ಚಪ್ಪಲಿ ಮೆಟ್ಟಿಕೊಂಡದ್ದು ಯಾವಾಗ ಅಂತ ಯಾರೂ ನೋಡಲಿಲ್ಲ. ಗಿರಿಜಮ್ಮ ಟಿವಿಯ ಗಾಜನ್ನು ಸೆರಗಿನಿಂದ ಒರೆಸುತ್ತಾ ಅಳುತ್ತಿದ್ದರು.

ಒಂದೊಂದೇ ಅಕ್ಷರ ಒತ್ತುವುದು ಆಯಾಸ. ಕೆಂಪು ಬಟನ್‌ಗಳು ಉಪಯೋಗಕ್ಕೆ ಬಂದದ್ದು ಆಗಲೇ. ಯಂತ್ರ ಮಾಡಿದವರು ಆ ಸಾಲನ್ನು ಖಾಲಿ ಬಿಟ್ಟಿದ್ದರು. ಯಾವ ಬಟನ್ ಒತ್ತಿದರೆ ಯಾವ ಸಾಲು ಬರಬೇಕು ಅಂತ ನಾವೇ ಹೇಳಿಕೊಡಬಹುದು. ಗಿರಿಜಮ್ಮ ಹೇಳುತ್ತಾ ಹೋದರು, ನಾನು ತುಂಬುತ್ತಾ ಹೋದೆ. "ನೀರ್ ಕೊಡ್." "ಗಂಜಿ." "ಫ್ಯಾನ್ ಹಾಕ್." "ಮಗ್ಗುಲ್ ತಿರ್ಗ್ಸ್." "ಬೆನ್ನ್ ತುರಿಸ್ತ್." ಒಂದು ಬಟನ್ನಿಗೆ ಮಾಸ್ಟ್ರು ತಾವೇ ಒತ್ತಿ ಹೇಳಿದರು: "ನೀವ್ ಇನ್ ಹೋಯ್ಲಕ್." ಅದು ಸಮಾಧಾನ ಹೇಳಲು ಬರುವ ನೆಂಟರಿಗೆ. ಕೊನೆಯದೊಂದು ಬಟನ್ನನ್ನು ನನಗೆ ಮುಟ್ಟಲು ಬಿಡಲಿಲ್ಲ. ಮುಂದಿನ ಸಲ ಹೋದಾಗ ನೋಡಿದೆ, ಅವರೇ ತುಂಬಿಕೊಂಡಿದ್ದರು: "ನೀನ್ ಉಂಡ್ಯಾ?" ಅದಕ್ಕೊಂದು ಟಿಂಯ್ ಅನ್ನುವ ಸದ್ದು ಬೇರೆ ಸೇರಿಸಿದ್ದರು, ಅಡುಗೆಮನೆಗೆ ಕೇಳಲಿ ಅಂತ. ಮಾಸ್ಟ್ರಿಗೆ ಗಂಜಿ ಉಣಿಸಿ, ಪಾತ್ರೆ ತೊಳೆದು, ಬಟ್ಟೆ ಒಗೆಯಲು ಹೊರಟುಬಿಡುವ ಹೆಂಗಸು ಗಿರಿಜಮ್ಮ. ಮಧ್ಯಾಹ್ನ ಟಿಂಯ್ ಅನ್ನುವುದು, ಅವರು ಒಳಗಿನಿಂದ "ಉಣ್ತೆ, ಉಣ್ತೆ" ಅನ್ನುವುದು, ಉಣ್ಣದಿದ್ದರೆ ಮತ್ತೆ ಟಿಂಯ್. ವರ್ಷಗಟ್ಟಲೆ ಹೀಗೇ ನಡೆಯಿತು. ಈ ಸಾಲುಗಳೂ ಕನ್ನಡದ ಜೊತೆ ಅದೇ ಕ್ಯಾಸೆಟ್ಟಿಗೆ ಸೇರಿದ್ದವು, ಅದನ್ನು ಹಾಕುವುದನ್ನು ಗಿರಿಜಮ್ಮ ಕಲಿತರು. ಬೆಳಿಗ್ಗೆ ದೇವರಿಗೆ ದೀಪ, ಆಮೇಲೆ ಕ್ಯಾಸೆಟ್ಟಿನ ಕಿರುಚಾಟ.

ಆ ಕ್ಯಾಸೆಟ್ಟು ಹೊಸದೇನಲ್ಲ. ನಮ್ಮ ಕಡೆ ಅಕ್ಕಿ ಇಲ್ಲದ ಮನೆ ಇದ್ದೀತು, ಯಕ್ಷಗಾನದ ಕ್ಯಾಸೆಟ್ಟು ಇಲ್ಲದ ಮನೆ ಇರಲಿಲ್ಲ. ಮಾಸ್ಟ್ರು ಕೇಳಿ ಕೇಳಿ ಸವೆದ ಒಂದು ಯಕ್ಷಗಾನದ ಆಟದ ಕ್ಯಾಸೆಟ್ಟಿನ ಮೇಲೆಯೇ ತಮ್ಮ ಕನ್ನಡ ತುಂಬಿದ್ದರು. ಹಿಂದೆ ಅದರ ಚೀಟಿಯ ಮೇಲೆ ಅವರೇ ಕೆಂಪು ಶಾಯಿಯಲ್ಲಿ ಬಿಡಿಸಿದ್ದ ಚಂದದ ಮುಂಡಾಸಿನ ಚಿತ್ರ ಹಾಗೆಯೇ ಉಳಿದಿತ್ತು. ಅಷ್ಟು ಒಳ್ಳೆಯ ಚಿತ್ರವನ್ನು ಹರಿಯಲು ಅವರಿಗೆ ಮನಸ್ಸು ಬಂದಿರಲಿಲ್ಲ. ತೊಂದರೆ ಶುರುವಾದದ್ದು ಆ ಮುಂಡಾಸಿನಿಂದ.

ಒಂದು ವರ್ಷ ಮಳೆಗಾಲದ ಕೊನೆಯ ಗುಡುಗಿಗೆ ಯಂತ್ರ ಸತ್ತುಹೋಯಿತು. ಟಿವಿಯ ಆಂಟೆನಾದಿಂದ ಮಿಂಚು ಒಳಗಿಳಿದಿತ್ತು, ಟಿವಿ ಹೇಗೋ ಉಳಿದಿತ್ತು. ಅಂಗಡಿಗೆ ತಂದು ಮುಚ್ಚಳ ತೆಗೆದೆ. ಮೂಗಿಗೆ ಆಗಲೇ ಗೊತ್ತಾಯಿತು, ಪರದೆಯ ಚಿಪ್ಪು ಸುಟ್ಟಿದೆ. ಹೆಬ್ಬೆರಳಿನ ಚಿಕಿತ್ಸೆಗೆ ಬಗ್ಗುವ ಕಾಯಿಲೆ ಅಲ್ಲ. ಅಷ್ಟರಲ್ಲಿ ರಿಪೇರಿಯ ಕ್ರಮವೇ ಬದಲಾಗಿತ್ತು. ಹೊಸ ಕಂಪ್ಯೂಟರುಗಳಲ್ಲಿ ಹಾಳಾದದ್ದು ಯಾವುದು ಅಂತ ಹುಡುಕುವ ಪದ್ಧತಿ ಇಲ್ಲ. ಇಡೀ ಬೋರ್ಡು ತೆಗಿ, ಇನ್ನೊಂದು ಹಾಕು, ಆಯಿತು. ಹಳೇ ಚಿಪ್ಪು ಕೇಳಿದರೆ ಮಂಗಳೂರಿನ ಅಂಗಡಿಯವರು ನಗುತ್ತಿದ್ದರು. ಅವರು ನಕ್ಕಷ್ಟೂ ನನಗೆ ಹಠ ಬಂತು. ಎಲ್ಲ ಕಡೆ ವಿಚಾರಿಸಿ ಸಾಕಾದ ಮೇಲೆ, ಮನೆಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಕೇಳಿದ ಹಾಗೆ, ಅಟ್ಟದ ಪಿಶಾಚಿಯ ನೆನಪಾಯಿತು. ಇಳಿಸಿ, ಅದರ ಚಿಪ್ಪು ಕಿತ್ತು, ಕಾಲುಗಳನ್ನು ರಬ್ಬರಿನಿಂದ ಉಜ್ಜಿ, ಮಾಸ್ಟ್ರ ಯಂತ್ರದಲ್ಲಿ ಕೂರಿಸಿದೆ. ಟಿವಿ ಬೆಳಗಿತು! ನಾಯರಿಯವರು ಕನ್ನಡಕದ ಮೇಲಿನಿಂದ ನೋಡಿ, "ಗುಜ್ರಿಗೂ ಒಂದ್ ಕಾಲ ಬತ್ತ್" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ನಾನು ಚಿಪ್ಪು ಹುಡುಕುತ್ತಿದ್ದ ದಿನಗಳಲ್ಲಿ ಗಿರಿಜಮ್ಮ ಒಮ್ಮೆ ವಿಚಾರಿಸಲು ಬಂದವರು ಬಾಡಿಹೋಗಿದ್ದರು. "ಎಂತ ಗಿರಿಜಮ್ಮ, ಉಂಬುದ್ ಬಿಟ್ಟಿದ್ರಿಯಾ?" ಅಂದೆ. "ಆ ಟಿಂಯ್ ಇಲ್ದೆ ಉಂಬುಕೇ ನೆನ್ಪಾಪುದಿಲ್ಲೆ ಮಾರಾಯ್ತಿ. ಅವ್ರ್ ಎದ್ರಿಗೇ ಇದ್ರ್. ಆರೆ ಮನ್ಯಗ್ ಯಾರೂ ಇಲ್ಲ ಅಂದಾಂಗ್ ಆತ್ತ್" ಅಂದರು. ಬೇಗ ಮಾಡಿ ಕೊಡುತ್ತೇನೆ ಅಂತ ಮಾತ್ರ ಹೇಳಿದೆ.

ಯಂತ್ರ ಹೊತ್ತುಕೊಂಡು ಉಪ್ಪುಂದದ ಬಸ್ಸು ಹತ್ತಿದಾಗ ನನಗೆ ಎಂಥ ಗರ್ವ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವಳು ನಾನು. ಜೋಡಿಸಿದೆ, ಟಿವಿ ಬೆಳಗಿತು, ಮಾಸ್ಟ್ರ ಕಣ್ಣೂ ಬೆಳಗಿತು. "ಕ್ಯಾಸೆಟ್ ಕೊಡಿ" ಅಂದೆ. ಗಿರಿಜಮ್ಮ ಕ್ಯಾಸೆಟ್ಟುಗಳ ಪೆಟ್ಟಿಗೆ ತೆಗೆದರು. ಒಂದೊಂದೇ ಕ್ಯಾಸೆಟ್ಟು ಎತ್ತಿದರು. ಮುಂಡಾಸಿನದು ಇಲ್ಲ. ಪೆಟ್ಟಿಗೆ ಕವುಚಿ ಹಾಕಿದರು. ಇಲ್ಲ.

"ಸುಬ್ಬಣ್ಣ!" ಅಂತ ತಲೆ ಮೇಲೆ ಕೈ ಇಟ್ಟು ಕೂತುಬಿಟ್ಟರು. ಸುಬ್ಬಣ್ಣ ಅವರ ದೊಡ್ಡಮ್ಮನ ಮಗ, ತೆಕ್ಕಟ್ಟೆಯವರು, ಯಕ್ಷಗಾನದ ಹುಚ್ಚು. ಮಾಸ್ಟ್ರನ್ನು ನೋಡಲು ಬಂದಿದ್ದವರು, ಗಿರಿಜಮ್ಮ ಮಾಸ್ಟ್ರಿಗೆ ಮೈ ಒರೆಸುತ್ತಿದ್ದಾಗ, ಎರಡು ಕ್ಯಾಸೆಟ್ಟು ಕೇಳಿ ಕೊಡುತ್ತೇನೆ ಅಂತ ಹೊರಗಿನಿಂದಲೇ ಕೂಗಿ ತೆಗೆದುಕೊಂಡು ಹೋಗಿದ್ದರು. ನಮ್ಮಲ್ಲಿ ಅದು ಮಾಮೂಲು. ಯಕ್ಷಗಾನದ ಕ್ಯಾಸೆಟ್ಟು ಯಾರ ಮನೆಯಲ್ಲೂ ಕೂರುವುದಿಲ್ಲ. ಕೇಳಿದವರಿಗೆಲ್ಲ ಕೊಡಬೇಕು, ಅವರು ಇನ್ನೊಬ್ಬರಿಗೆ ಕೊಡುತ್ತಾರೆ, ಕೆಲವರು ಅದರ ಮೇಲೆ ಹೊಸ ಆಟ ತುಂಬಿಸಿಕೊಂಡು ವಾಪಸು ಮಾಡುತ್ತಾರೆ. ನಾನು ಹೆದರಿದ್ದು ಈ ಕೊನೆಯದಕ್ಕೆ.

ಎರಡನೇ ಕಾಪಿ ಇತ್ತು, ನಾನೇ ಮಾಡಿಸಿದ್ದು. ಅದೇ ಪೆಟ್ಟಿಗೆಯ ತಳದಲ್ಲಿ ಮಳೆಗಾಲದ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ಒರೆಸಿ ಹಾಕಿದೆ. ಅರ್ಧದಲ್ಲಿ ನಿಂತು, ಟೇಪನ್ನು ಹಿಂದೆ ಸುತ್ತು ಅಂತ ಯಂತ್ರ ಹೇಳಿತು. ಸುತ್ತಿ ಹಾಕಿದರೂ ಅಲ್ಲೇ ನಿಂತಿತು. ಹೊಸದಾಗಿ ಬರೆಯಬಹುದಲ್ಲ ಅಂತ ನೀವು ಕೇಳುತ್ತೀರಿ. ಗ್ರಾಫ್ ಹಾಳೆಗಳನ್ನು ಗೆದ್ದಲು ತಿಂದು ವರ್ಷಗಳಾಗಿದ್ದವು. ಅಕ್ಷರಕ್ಕೆ ಎಂಟು ಸಂಖ್ಯೆಯ ಲೆಕ್ಕದಲ್ಲಿ ಇಡೀ ವರ್ಣಮಾಲೆ. ಹೇಳಿಕೊಡಲು ಮಾಸ್ಟ್ರಿಗೆ ಬಾಯಿ ಬೇಕಲ್ಲ? ಆ ಬಾಯಿ ಇದ್ದದ್ದೇ ಕ್ಯಾಸೆಟ್ಟಿನೊಳಗೆ.

ಕ್ಯಾಸೆಟ್ಟು ಇಲ್ಲದಿದ್ದರೂ ಯಂತ್ರಕ್ಕೆ ಇಂಗ್ಲಿಷ್ ಬರುತ್ತದೆ. ಗಿರಿಜಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮಾಸ್ಟ್ರು ನನ್ನ ಮುಖ ನೋಡಿ ಮೆಲ್ಲ ಬೆರಳು ಊರಿ ಇಂಗ್ಲಿಷಿನಲ್ಲಿ ಒಂದೇ ಪದ ಒತ್ತಿದರು: ಹುಡುಕು. ಯಂತ್ರ ಅದರ ಕೆಳಗೆ ತಾನಾಗಿ ಬರೆಯಿತು: ತಪ್ಪು. ತನಗೆ ಅರ್ಥವಾಗದ್ದಕ್ಕೆಲ್ಲ ಅದು ಹಾಗೇ ಅನ್ನುವುದು. ಆ ಹೊತ್ತಿಗೆ ಅದನ್ನು ಎತ್ತಿ ಕುಕ್ಕಬೇಕು ಅನ್ನಿಸುವಷ್ಟು ಸಿಟ್ಟು ಬಂತು ನನಗೆ. ಮಾಸ್ಟ್ರು ಕಣ್ಣು ಮುಚ್ಚಿಕೊಂಡರು.

ನಾಯರಿಯವರಿಗೆ ಬಂದು ಹೇಳಿದೆ. "ಇಲ್ಲ್ ಟಿವಿ ರಾಶಿ ಬಿದ್ದಿತ್, ನೀನ್ ಕ್ಯಾಸೆಟ್ ಹುಡ್ಕುಕೆ ಹೋತ್ಯಾ?" ಅಂತ ರೇಗಿದರು. ಆಮೇಲೆ ಕೈಯಲ್ಲಿದ್ದ ಟಿವಿಗೆ ಸ್ಕ್ರೂ ಹಾಕುತ್ತಲೇ, "ಹೋಯ್ ಬಾ. ಸಿಕ್ದೇ ಬಂದ್ರೆ ಒಳಗ್ ಬಪ್ಪುಕಾಗ. ಮತ್ತ್ ಕೇಣ್, ಸಿಕ್ರೆ ಅವ್ರ್ ರೆಕಾರ್ಡರಗೆ ಹಾಕಿ ಕಾಣ್ಬೇಡ. ಎಷ್ಟೋ ರೆಕಾರ್ಡರ್ ಟೇಪ್ ತಿಂತ್ವ್" ಅಂದರು.

ತೆಕ್ಕಟ್ಟೆಯಲ್ಲಿ ಸುಬ್ಬಣ್ಣನ ಮನೆಯ ಗೋಡೆ ತುಂಬ ಕ್ಯಾಸೆಟ್ಟು. ನಾನು ಮುಂಡಾಸಿನ ಕ್ಯಾಸೆಟ್ಟು ಅಂದದ್ದೇ ತಡ, ಅವರೇ ನನ್ನ ಮೇಲೆ ಏರಿ ಬಂದರು.

"ಹ್ವಾಯ್, ಅದ್ರ ಸುದ್ದಿ ಮಾತಾಡ್ಬೇಡಿ ಮಾರಾಯ್ರೆ! ಮುಂಡಾಸ್ ಕಂಡ್ ಆಸಿ ಪಟ್ಟ್ ಹಾಕಿರೆ, ಒಳಗ್ ಹಂದಿ ಕೊಯ್ದಾಂಗ್ ಕೂಗತ್ತ್. ಭಾಗವತ್ರೂ ಇಲ್ಲೆ, ಚಂಡಿ ಪೆಟ್ಟೂ ಇಲ್ಲೆ. ನನ್ ರೆಕಾರ್ಡರೇ ಹಾಳಾಯ್ತ್ ಅಂದ್ಕಂಡೆ. ಕ್ಯಾಸೆಟ್ ಸಮೇತ ಕುಂದಾಪ್ರಕ್ ತಕಂಡ್ ಹೋಯಿ ರಿಪೇರಿ ಮಾಡ್ಸ್ದೆ. ನಿಮ್ ಅಂಗ್ಡಿಯಗೇ! ನಾಯರಿಯವ್ರ್ ಕೇಂಡ್, ಹೆಡ್ ಹೋಯಿತ್ ಅಂದೇಳಿ ಹೊಸ ಹೆಡ್ ಹಾಕಿ ಕೊಟ್ರ್. ಮನಿಗ್ ಬಂದ್ ಹಾಕಿರೆ ಮತ್ತೂ ಜೋರ್ ಕೂಗತ್ತ್!"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ. ಮಾಸ್ಟ್ರ ಬಾಯಿ ನಮ್ಮ ಅಂಗಡಿಯ ಮೇಜಿನ ಮೇಲೆಯೇ ಬಂದು ಕಿರುಚಿ ಹೋಗಿತ್ತು, ನಾನು ಆ ಹೊತ್ತಿಗೆ ಯಾರದೋ ಮನೆಯಲ್ಲಿ ಆಂಟೆನಾ ತಿರುಗಿಸುತ್ತಿದ್ದಿರಬೇಕು. ನಾಯರಿಯವರಿಗೆ ಚಿಪ್ಪು ಗೊತ್ತು, ಕ್ಯಾಸೆಟ್ಟಿನ ಕೆಲಸ ಯಾವತ್ತೂ ನನ್ನದೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಈಗ ಎಲ್ಲಿತ್ತ್ ಅದ್?" ಅಂದೆ.

"ಅದ್ರ ಮೇಲ್ ಒಂದ್ ಹೊಸ ಆಟ ತುಂಬ್ಸುವ ಅಂದೇಳಿ ತಯಾರಾಯಿದ್ದೆ..."

ನಾನು ಜಗಲಿಯ ಕಂಬ ಹಿಡಿದುಕೊಂಡೆ.

"...ಅಷ್ಟರಗೆ ನನ್ ತಂಗಿ ಪ್ರೇಮ ಬಂದ್ಲ್, ಬ್ರಹ್ಮಾವರದವ್ಳ್. ನಾನ್ ಅದ್ನ ಹಾಕಿ ಕಾಂತಾ ಇದ್ದಾಗ ಹಲ್ಸಿನ್ ಮರದ್ ಕಾಕಿ ಎಲ್ಲ ಎದ್ದ್ ಹಾರಿ ಹೋದೋ. 'ಅಣ್ಣ, ಅದ್ ನಂಗ್ ಕೊಡ್' ಅಂದ್ಲ್. ಕೊಟ್ಟೆ. ಎಂತಕ್ ಅಂದೇಳಿ ಕೇಂಡದ್ದಿಲ್ಲೆ."

ಬ್ರಹ್ಮಾವರದ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನಾನು ಹರಕೆ ಹೇಳಿಕೊಳ್ಳುತ್ತಿದ್ದೆ. ಆಕೆಯೂ ಅದರ ಮೇಲೆ ಏನನ್ನಾದರೂ ತುಂಬಿಸಿದ್ದರೆ? ಬಿಸಾಡಿದ್ದರೆ? ಟೇಪು ಎಳೆದು ಬಳ್ಳಿ ಕಟ್ಟಲು ಉಪಯೋಗಿಸುವವರನ್ನೂ ನಾನು ಕಂಡಿದ್ದೇನೆ. ಬಸ್ಸು ಇಳಿದು, ಕೇಳಿಕೊಂಡು, ಗದ್ದೆಯ ಬದುವಿನ ಮೇಲೆ ಪ್ರೇಮಕ್ಕನ ಮನೆಯ ಕಡೆ ನಡೆಯುತ್ತಿದ್ದಾಗ ಕಿವಿಗೆ ಬಿತ್ತು. ಮೊದಲು ಒಂದೇ ಎಳೆಯ ಸೀಟಿ, ಆಮೇಲೆ ಆ ಕಿರುಚಾಟ. ನನ್ನ ಜನ್ಮದಲ್ಲಿ ಅಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ. ಬದುವಿನ ಮೇಲೆಯೇ ಕುಕ್ಕರಿಸಿದೆ. ಹೋದ ಜೀವ ಬಂತು ಅನ್ನುತ್ತಾರಲ್ಲ, ಅದು ಹೇಗೆ ಬರುತ್ತದೆ ಅಂತ ಅವತ್ತು ಗೊತ್ತಾಯಿತು.

ಅಂಗಳದ ತುಂಬ ಚಾಪೆ, ಚಾಪೆಯ ಮೇಲೆ ಕುಂಬಳದ ಸಂಡಿಗೆ, ಬಾಳಕದ ಮೆಣಸು. ನಡುವೆ ತೆಂಗಿನ ಮಡಲಿನ ನೆರಳಿನಲ್ಲಿ ಟೇಪ್ ರೆಕಾರ್ಡರು ಬೊಬ್ಬೆ ಹೊಡೆಯುತ್ತಿದೆ. ಕಾಗೆಗಳು ದೂರದ ತೆಂಗಿನ ಮರದಲ್ಲಿ ಕೂತು ಬೈಯುತ್ತಿವೆ. ನಾನು ಓಡಿಹೋಗಿ ಬಟನ್ ಒತ್ತಿ ನಿಲ್ಲಿಸಿದೆ. ಪ್ರೇಮಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಯಾರ್ ಅದ್? ಬಂದ್ ಮಾಡ್ಬೇಡಿ, ಕಾಕಿ ಬತ್ತೋ!"

ಎಲ್ಲ ಹೇಳಿದೆ. ಮಾಸ್ಟ್ರು, ನಾಲಿಗೆ, ಯಂತ್ರ, ಮುಂಡಾಸು. ಕೇಳುತ್ತಾ ಕೇಳುತ್ತಾ ಅವರ ಕೈಯ ಸೌಟು ಕೆಳಗೆ ಬಂತು.

"ಅಯ್ಯೋ ದೇವ್ರೇ! ಭಾವಯ್ಯನ್ ಮಾತನ್ನಾ ನಾನ್ ಇಷ್ಟ್ ದಿನ ಕಾಕಿಗ್ ಕೇಣ್ಸದ್ದ್?" ಅಂದರು. ಕ್ಯಾಸೆಟ್ಟನ್ನು ತಾವೇ ತೆಗೆದು, ಸೆರಗಿನಿಂದ ಒರೆಸಿ, ಪ್ರಸಾದ ಕೊಟ್ಟ ಹಾಗೆ ಎರಡೂ ಕೈಯಿಂದ ಕೊಟ್ಟರು. ನಾನು ಅಂಗಳ ದಾಟುವಾಗ ಹಿಂದಿನಿಂದ ಕರೆದರು: "ಹ್ವಾಯ್, ಒಂದ್ ಕಾಪಿ ಮಾಡ್ ಕೊಡ್ಲಕ್ಕಾ? ಕಾಕಿಗ್ ಅದ್ರಷ್ಟ್ ಒಳ್ಳೆ ಮದ್ದ್ ಮತ್ತೊಂದಿಲ್ಲೆ."

ಮಾಡಿ ಕೊಟ್ಟೆ. ಆಮೇಲೆ ಅನೇಕ ವರ್ಷ, ಎಲ್ಲರ ಕೈಗೆ ಮೊಬೈಲು ಬಂದ ಮೇಲೂ, ಮಾಸ್ಟ್ರ ಕನ್ನಡದ ಎರಡನೇ ಕಾಪಿ ಬ್ರಹ್ಮಾವರದಲ್ಲಿ ಸಂಡಿಗೆ ಕಾಯುತ್ತಿತ್ತು. ಉಪ್ಪುಂದದ್ದು ಕೆಟ್ಟಾಗಲೆಲ್ಲ ಅಲ್ಲಿಂದ ತಂದು ಮತ್ತೆ ತುಂಬಿಸುತ್ತಿದ್ದೆ. ಕಾಪಿ ಮಾಡಿ ಅದೇ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಕಾಪಿ ಅಲ್ಲ, ಬೇರೆ ಊರಿನಲ್ಲಿ ಇಡಿ. ಆದರೆ ದಿನಾ ಉಪಯೋಗಿಸುವವರ ಹತ್ತಿರ ಇಡಿ, ಬೂಷ್ಟು ಹಿಡಿಯುವುದಿಲ್ಲ.

ಅವತ್ತು ಬ್ರಹ್ಮಾವರದಿಂದ ನೇರವಾಗಿ ಉಪ್ಪುಂದಕ್ಕೇ ಹೋದೆ. ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಗಿರಿಜಮ್ಮ ಬಾಗಿಲಲ್ಲೇ ನಿಂತಿದ್ದರು. ಕ್ಯಾಸೆಟ್ಟನ್ನು ಎತ್ತಿ ತೋರಿಸಿದೆ. ಅವರು ಒಳಗೆ ಓಡಿ ಟಿವಿ ಹಾಕಿದರು.

ಮೊದಲ ಸಲ ತುಂಬಲಿಲ್ಲ. ಅರ್ಧದಲ್ಲಿ ನಿಂತು ಅದೇ ಮಾತು, ಟೇಪನ್ನು ಹಿಂದೆ ಸುತ್ತು. ಗಿರಿಜಮ್ಮ ನನ್ನ ಮುಖ ನೋಡಿದರು. ಪ್ರೇಮಕ್ಕನ ಅಂಗಳದ ಕಾವಿಗೆ ಟೇಪು ಸ್ವಲ್ಪ ಸೊಟ್ಟಗಾಗಿರಬೇಕು, ಅಷ್ಟೇ ಇರಲಿ ದೇವರೇ ಅಂದುಕೊಂಡೆ. ರೆಕಾರ್ಡರಿನಲ್ಲಿ ಟೇಪು ಓದುವ ಹೆಡ್ಡಿನ ಬದಿಯಲ್ಲಿ, ಅದರ ಓರೆ ಸರಿಮಾಡಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಕ್ಯಾಸೆಟ್ಟು ಕಿರುಚುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕಿವಿಗೊಟ್ಟು ಕೂತೆ. ಮಂದವಾಗಿದ್ದ ಕಿರುಚಾಟ ಒಮ್ಮೆ ಚೂಪಾಯಿತು. ಹಿಂದೆ ಸುತ್ತಿ ಮತ್ತೆ ಹಾಕಿದೆ. ಪರದೆಯ ಮೇಲೆ ತುಂಬಿದ ಕಂತುಗಳ ಸಂಖ್ಯೆ ಒಂದೊಂದಾಗಿ ಏರುತ್ತಾ ಹೋಯಿತು. ಮೊದಲು ನಿಂತ ಜಾಗ ಬಂತು. ದಾಟಿತು. ಗಿರಿಜಮ್ಮ ನನ್ನ ಭುಜ ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಮರುದಿನವೂ ನೋಯುತ್ತಿತ್ತು. ಕಿರುಚಾಟ ನಿಂತಿತು. ಪರದೆ ಒರೆಸಿದ ಹಾಗೆ ಖಾಲಿಯಾಗಿ, ಮೂಲೆಯಲ್ಲಿ ಮಾಸ್ಟ್ರು ಬಿಡಿಸಿದ ಚುಕ್ಕಿಯ "ಅ" ಮೂಡಿತು.

ಮಾಸ್ಟ್ರ ಕೈಯನ್ನು ಎತ್ತಿ ಯಂತ್ರದ ಮೇಲೆ ಇಟ್ಟೆ. ಇಷ್ಟು ದಿನದ ಮೇಲೆ ಮೊದಲು ಏನು ಕೇಳುತ್ತಾರೋ ಅಂತ ನಾನು ಯೋಚಿಸುತ್ತಿದ್ದೆ. ನೀರಿರಬಹುದು, ಮಗ್ಗುಲು ತಿರುಗಿಸು ಅಂತ ಇರಬಹುದು, ಊರು ಸುತ್ತಿ ಬಂದ ನನ್ನನ್ನೇ ಇನ್ನು ಹೋಯ್ಲಕ್ ಅಂದರೂ ಅನ್ನಬಹುದು. ಬೆರಳು ಕೆಂಪು ಸಾಲಿನ ಮೇಲೆ ಒಂದೊಂದನ್ನೇ ದಾಟಿ ಕೊನೆಯ ಬಟನ್ನಿನ ಮೇಲೆ ಕೂತಿತು.

ಟಿಂಯ್.

"ನೀನ್ ಉಂಡ್ಯಾ?"

ಗಿರಿಜಮ್ಮ ಟಿವಿಯನ್ನು ನೋಡಿದರು, ಮಾಸ್ಟ್ರನ್ನು ನೋಡಿದರು. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಬಾಗಿಲು ಕಾಯುತ್ತಿದ್ದ ಹೆಂಗಸು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಬೈಗುಳ.

"ಇಷ್ಟ್ ದಿನ ಎಲ್ಲ್ ಹೋಯಿದ್ರಿ ನೀವ್?" ಅಂದರು, ಹಾಸಿಗೆಯಿಂದ ಒಂದು ಹೆಜ್ಜೆಯೂ ಕದಲದ ಗಂಡನಿಗೆ.

ಮಾಸ್ಟ್ರು ಮತ್ತೆ ಒತ್ತಿದರು. ಟಿಂಯ್.

"ಉಣ್ತೆ ಮಾರಾಯ್ರೆ, ಉಣ್ತೆ" ಅಂತ ಮೂಗು ಒರೆಸಿಕೊಳ್ಳುತ್ತಾ ಗಿರಿಜಮ್ಮ ಅಡುಗೆಮನೆಗೆ ಹೋದರು. ತಟ್ಟೆಯ ಸದ್ದು ಕೇಳುವ ತನಕ ಮಾಸ್ಟ್ರು ಆ ಬಟನ್ನಿನಿಂದ ಬೆರಳು ತೆಗೆಯಲಿಲ್ಲ.